ಒಂಬತ್ತರಲ್ಲಿ ಒಂದು

ಅಮೆರಿಕನ್ ಫುಟ್‌ಬಾಲಲ್ಲಿ ನಂಗೆ ಮ್ಯಾಚ್ ನೋಡೋದಕ್ಕಿಂತ ಸ್ಕೋರ್ ಪಟ್ಟಿ ಓದೋದೇ ಇಷ್ಟ. ಅದರಲ್ಲಿ ಪದೇ ಪದೇ ಹೋಗಿ ನೋಡೋ ಸಾಲು ಒಂದಿದೆ: ಕೆಂಡಾಲ್ ಹಿಂಟನ್, ಎಸೆದಿದ್ದು 9, ನಮ್ಮವರ ಕೈಗೆ ಸಿಕ್ಕಿದ್ದು 1, ಎದುರಾಳಿ ಹಿಡ್ಕೊಂಡಿದ್ದು 2, ಆ ಎಸೆತದಿಂದ ಟೀಮು ಮುಂದೆ ಹೋಗಿದ್ದು ಒಟ್ಟು 13 ಯಾರ್ಡ್, ಎಸೆತಗಳಿಗೆ ಸಿಕ್ಕ ರೇಟಿಂಗ್ 0.0. ಅಲ್ಲಾ ಸ್ವಾಮಿ, ಸೊನ್ನೆ ಅಂದ್ಮೇಲೂ ಪಾಯಿಂಟ್ ಹಾಕಿ ಇನ್ನೊಂದು ಸೊನ್ನೆ ಯಾಕೆ ಬೇಕಿತ್ತು!

ಆಗಿದ್ದೇನು ಅಂದ್ರೆ, 2020ರ ನವೆಂಬರ್, ಕೊರೊನಾ ಕಾಲ, ಡೆನ್ವರ್ ಬ್ರಾಂಕೋಸ್ ಟೀಮಿನ ಒಬ್ಬ ಕ್ವಾರ್ಟರ್‌ಬ್ಯಾಕ್‌ಗೆ, ಅಂದ್ರೆ ಬಾಲ್ ಎಸೆದು ಆಟ ನಡೆಸೋನಿಗೆ, ಪಾಸಿಟಿವ್ ಬಂತು, ಮಿಕ್ಕ ಮೂವರು ಅವನ ಜೊತೆ ಮಾಸ್ಕ್ ಸರಿಯಾಗಿ ಹಾಕದೆ ಕೂತಿದ್ರು ಅಂತ ಅವರನ್ನೂ ಮನೇಲಿರಿ ಅಂದ್ಬಿಟ್ರು, ಅದೂ ಮ್ಯಾಚಿನ ಹಿಂದಿನ ದಿನ. ಈ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಇಲ್ದಿದ್ರೆ ಕಥೆ ಮುಗೀತು, ಬಾಲ್ ಮೊದಲು ಬರೋದೇ ಅವನ ಕೈಗೆ. ನಮ್ಮ ಒಬ್ಬ ಕೋಚನ್ನೇ ಇಳಿಸ್ತೀವಿ ಅಂತ ಟೀಮಿನವರು ಕೇಳಿದ್ರು, ಲೀಗ್ ಒಪ್ಲಿಲ್ಲ. ಆಗ ನೆನಪಾದೋನು ಹಿಂಟನ್. ಕಾಲೇಜು ಆಟಗಾರರನ್ನ ಟೀಮುಗಳು ಸರದಿಯಲ್ಲಿ ಆರಿಸೋ ಡ್ರಾಫ್ಟಲ್ಲಿ ಯಾರೂ ಆರಿಸದ, ಪ್ರಾಕ್ಟೀಸ್‌ಗೆ ಅಂತ ಇಟ್ಕೊಳ್ಳೋ ಸ್ಕ್ವಾಡಲ್ಲಿದ್ದ 23ರ ಹುಡುಗ, ಅವನ ಕೆಲಸ ಬಾಲ್ ಹಿಡಿಯೋದು, ಆದ್ರೆ ವೇಕ್ ಫಾರೆಸ್ಟ್ ಯೂನಿವರ್ಸಿಟೀಲಿ ಮೊದಲು ಕ್ವಾರ್ಟರ್‌ಬ್ಯಾಕ್ ಆಗಿದ್ದ. ಮದುವೆ ಮನೇಲಿ ಭಟ್ರು ಕೈಕೊಟ್ರು ಅಂತ ಬಡಿಸೋಕೆ ಬಂದ ಹುಡುಗನ ಕೈಗೆ ಸೌಟು ಕೊಟ್ಟಂಗಾಯ್ತು.

ಕ್ವಾರ್ಟರ್‌ಬ್ಯಾಕ್ ಕೆಲಸ ಬರೀ ಎಸೆಯೋದಾಗಿದ್ರೆ ಹೆಂಗೋ ನಡೀತಿತ್ತೇನೋ. ಹೆಲ್ಮೆಟ್ ಒಳಗಿನ ಸ್ಪೀಕರಲ್ಲಿ ಕೋಚ್ ಉದ್ದುದ್ದ ಕೋಡ್ ಹೇಳ್ತಾರೆ, ಮುಂದಿನ ಆಟ ಶುರು ಮಾಡೋಕೆ ಕೊಟ್ಟ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಆ ದನಿ ಕಟ್ ಆಗುತ್ತೆ, ಅಷ್ಟರಲ್ಲಿ ಅದನ್ನ ಮಿಕ್ಕ ಹತ್ತು ಜನಕ್ಕೆ ಒಪ್ಪಿಸಿ, ಎದುರಿನವರು ಹೆಂಗೆ ನಿಂತಿದ್ದಾರೆ ಅಂತಲೂ ನೋಡ್ಬೇಕು. ಮಣಿಕಟ್ಟಿನ ಪಟ್ಟೀಲಿ ಚಿಕ್ಕಕ್ಷರದಲ್ಲಿ ಬರೆದಿಟ್ಕೊಂಡ ಚೀಟಿಯೇ ಗತಿ. ಎದುರಿಗೆ ನ್ಯೂ ಓರ್ಲಿಯನ್ಸ್ ಸೇಂಟ್ಸ್, ಹೊಸಬ ಅಂತ ಕನಿಕರ ತೋರಿಸೋ ಪೈಕಿ ಅಲ್ಲ. ಬ್ರಾಂಕೋಸ್‌ನವರು 31-3ರಲ್ಲಿ ಸೋತ್ರು. ಆದ್ರೂ ಒಂದು ಎಸೆತ ಹೋಗಿ ಅದೇ ಟೀಮಿನ ನೋವಾ ಫ್ಯಾಂಟ್ ಕೈ ಸೇರ್ತಲ್ಲ, ಆ 13 ಯಾರ್ಡ್ ನಂಗೆ ಕೆಲವು ಸ್ಟಾರ್‌ಗಳ 300 ಯಾರ್ಡಿಗಿಂತ ದೊಡ್ದು ಅನ್ಸುತ್ತೆ, ಬೇಕಾದ್ರೆ ನಗಿ.

ಆಮೇಲೆ ಹಿಂಟನ್ ಮಣಿಕಟ್ಟಿಗೆ ಕಟ್ಟಿದ್ದ ಆ ಪಟ್ಟೀನ ಓಹಾಯೋದ ಕ್ಯಾಂಟನ್ ಊರಲ್ಲಿರೋ ಹಾಲ್ ಆಫ್ ಫೇಮ್‌ಗೆ, ಅಂದ್ರೆ ಈ ಆಟದ ಮ್ಯೂಸಿಯಂಗೆ, ತಗೊಂಡ್ರು. ಒಳ್ಳೇದೇ. ನನ್ನ ತಕರಾರು ಬೇರೆ. ಇದೇ ಹುಡುಗ 2021ರಲ್ಲಿ ತನ್ನ ಅಸಲಿ ಜಾಗದಲ್ಲಿ ಆಡಿ 15 ಕ್ಯಾಚ್ ಹಿಡಿದ, 2022ರಲ್ಲಿ 24 ಕ್ಯಾಚ್, 311 ಯಾರ್ಡ್. ಸ್ಟಾರ್ ಲೆವೆಲ್ ಅಲ್ಲ, ಒಪ್ಕೋತೀನಿ, ಆದ್ರೆ ಡ್ರಾಫ್ಟೇ ಆಗದೋನಿಗೆ ಅದೇನು ಕಮ್ಮಿನಾ? 2023ರಲ್ಲಿ ಸೀಸನ್ ಶುರುವಾಗೋ ಮೊದ್ಲೇ ಟೀಮಿನವರು ಕೈಬಿಟ್ರು. ಈಗ ಅವನ ಹೆಸರು ಹೇಳಿ ನೋಡಿ, ಎಲ್ರೂ ಆ ಒಂದು ಭಾನುವಾರದ ಕಥೆಯನ್ನೇ ಹೇಳ್ತಾರೆ. ಬಾಲ್ ಹಿಡಿಯೋದೇ ಕಸುಬಾಗಿದ್ದೋನನ್ನ ಎಸೆದಿದ್ದರ ಲೆಕ್ಕದಲ್ಲಿ ನೆನಪಿಟ್ಕೊಂಡಿದ್ದಾರೆ, ಆ 24 ಕ್ಯಾಚ್ ಹಿಡಿದ ಗ್ಲೌಸನ್ನ ಯಾರು ಕೇಳ್ತಾರೆ ಹೇಳಿ.