ಕುಸಿದ ದಂಡೆಯ ಪುಣ್ಯ

ನಮ್ಮ ಹಿತ್ತಲಿನಲ್ಲಿ ಒಂದು ಕೊಳ ಇದೆ. ಕೊಳ ಅನ್ನುವುದು ನಮ್ಮ ಮನೆಯವರ ಮಾತು. ನಾನು ಹೊಂಡ ಅನ್ನುತ್ತೇನೆ. ಅಡಿಕೆಯ ಕೊನೆಕೊಯ್ಲಿಗೆ ಬರುವ ಆಳುಗಳು ಗುಂಡಿ ಅನ್ನುತ್ತಾರೆ. ಉದ್ದ 12 ಅಡಿ, ಅಗಲ 8 ಅಡಿ, ಆಳ 3 ಅಡಿ. ಯಾವ ಹೆಸರು ಸರಿ ಅಂತ ನೀವೇ ತೀರ್ಮಾನ ಮಾಡಿ.

ತೀರ್ಥಹಳ್ಳಿ ಸೀಮೆಯಲ್ಲಿ ಕೂತು ನೀರಿಗೆ ಅಂತ ಹೊಂಡ ತೋಡುವುದು ಸ್ವಲ್ಪ ತಮಾಷೆಯ ಕೆಲಸವೇ. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಬೇಡ ಅಂದರೂ ನೀರು ನಮ್ಮನ್ನು ಬಿಡುವುದಿಲ್ಲ. ಅಂಗಳ ಒದ್ದೆ, ಸೌದೆ ಒದ್ದೆ, ಬೆಂಕಿಪೊಟ್ಟಣ ಒದ್ದೆ. ಒಣಗಿದ ಬಟ್ಟೆ ಅಂದರೆ ಒಲೆಯ ಮೇಲಿನ ಗಳುವಿನಲ್ಲಿ ಹೊಗೆ ವಾಸನೆ ಕುಡಿದು ನೇತಾಡುವ ವಸ್ತು. ಆದರೂ ಇವರು ಯಾರದೋ ಮನೆಯ ತಾವರೆ ಕೊಳ ನೋಡಿ ಬಂದರು, ಅವತ್ತಿನಿಂದ ನಿದ್ದೆ ಮಾಡಲಿಲ್ಲ. ಕೊಟ್ಟಿಗೆ ಕಟ್ಟುವಾಗ ಜಂಬಿಟ್ಟಿಗೆ ಕಲ್ಲು ತೆಗೆದ ಜಾಗ ಹಿತ್ತಲಲ್ಲೇ ಇತ್ತು. ಅರ್ಧ ಗುಂಡಿ ಆಗಲೇ ತಯಾರು. ಉಳಿದರ್ಧಕ್ಕೆ ಮೇಸ್ತ್ರಿ ಬಂದ. ನಾಲ್ಕೂ ಕಡೆ ನೆಟ್ಟಗೆ ಗೋಡೆ, ಮೇಲೆ ಸಿಮೆಂಟು. ಅಂಚು ಎಷ್ಟು ನಯವಾಗಿತ್ತು ಅಂದರೆ ಇರುವೆ ಕೂಡ ಜಾರಬೇಕು.

"ಇನ್ನು ನೋಡ್ತಾ ಇರು, ಹಕ್ಕಿಗಳು ಸಾಲುಗಟ್ಟಿ ಬರ್ತವೆ" ಅಂದರು. ಹಿತ್ತಲ ಜಗುಲಿಗೆ ಪ್ಲಾಸ್ಟಿಕ್ ಕುರ್ಚಿ ಬಂತು. ತಾವರೆ ಎಲೆ ಬಿಟ್ಟಿತು, ಹೂ ಬಿಡಲಿಲ್ಲ. ಸಾಲುಗಟ್ಟಿ ಬಂದದ್ದು ಸೊಳ್ಳೆ. ಸೊಳ್ಳೆಗೆ ಮದ್ದು ಅಂತ ಗಪ್ಪಿ ಮೀನು ತಂದು ಬಿಟ್ಟರು. ಅವು ಸೊಳ್ಳೆಮರಿ ತಿಂದುಕೊಂಡು ಸಂಸಾರ ಬೆಳೆಸಿದವು. ಹಕ್ಕಿ ಮಾತ್ರ ಒಂದೂ ಇಲ್ಲ.

ಹಕ್ಕಿಗಳೆಲ್ಲ ಎಲ್ಲಿದ್ದವು ಅಂದರೆ, ನನ್ನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ.

ನಮ್ಮದು ಗುಡ್ಡದಿಂದ ಪೈಪಿನಲ್ಲಿ ಇಳಿದು ಬರುವ ಅಬ್ಬಿ ನೀರು. ಒಗೆಯುವ ಕಲ್ಲಿನ ಪಕ್ಕದ ನಲ್ಲಿ ಎರಡು ವರ್ಷದಿಂದ ತೊಟ್ಟಿಕ್ಕುತ್ತಿತ್ತು. ನಲ್ಲಿ ರಿಪೇರಿಯವನು ಪ್ರತಿ ಸಲ ಫೋನ್ ಮಾಡಿದಾಗಲೂ "ನಾಳೆ ಬಂದೆ ಅಕ್ಕ" ಅನ್ನುತ್ತಿದ್ದ. ಆ ನಾಳೆಯ ನೀರು ಕಲ್ಲಿನ ಕೆಳಗೆ ಒಂದು ತಟ್ಟೆಯಷ್ಟು ಜಾಗದಲ್ಲಿ ನಿಂತಿತ್ತು. ಆಳ ಒಂದೂವರೆ ಅಂಗುಲ. ಅಲ್ಲಿ ಪಿಕಳಾರಗಳ ನೂಕುನುಗ್ಗಲು.

ಯೋಚಿಸಿದರೆ ಸರಿಯೇ. ಪಿಕಳಾರದ ಕಾಲು ಎಷ್ಟುದ್ದ? ನನ್ನ ಕಿರುಬೆರಳಿನ ಅರ್ಧದಷ್ಟು. ಅದನ್ನು ಮೂರಡಿ ನೀರಿಗೆ ಕರೆದರೆ ಬರುತ್ತದೆಯೇ? ಅದಕ್ಕೆ ಬೇಕಾದದ್ದು ಒಂದೆರಡು ಅಂಗುಲ ನೀರು, ಕಾಲೂರಲು ಒರಟು ನೆಲ, ಬೆಕ್ಕು ಬಂದರೆ ಹಾರಿ ಕೂರಲು ಹತ್ತಿರದಲ್ಲೊಂದು ಗಿಡ. ಮಿಂದಾದ ಮೇಲೆ ದಾಸವಾಳದಲ್ಲಿ ಕೂತು, ಬಾಲದ ಬುಡಕ್ಕೆ ಕೊಕ್ಕು ಒತ್ತಿ, ಒಂದೊಂದೇ ಗರಿಗೆ ಎಣ್ಣೆ ಸವರುತ್ತದೆ. ಎಣ್ಣೆಯ ಗಿಂಡಿ ಅದರ ಮೈಯಲ್ಲೇ ಇದೆ, ಬಾಲದ ಬುಡದಲ್ಲಿ. ನಾವು ದೀಪಾವಳಿಗೆ ಎಣ್ಣೆ ಹಚ್ಚಿಕೊಂಡು ಆಮೇಲೆ ಮೀಯುತ್ತೇವೆ, ಅದನ್ನೆಲ್ಲ ತೊಳೆದು ಕಳೆಯುತ್ತೇವೆ. ಅವು ಮೊದಲು ಮಿಂದು ಆಮೇಲೆ ಎಣ್ಣೆ. ಯಾರ ಕ್ರಮ ಸರಿಯೋ, ನನಗೆ ಅನುಮಾನ ಶುರುವಾಗಿದೆ.

ಮಡಿವಾಳ ಹಕ್ಕಿಯಂತೂ ಹೆಸರಿಗೆ ತಕ್ಕ ಹಾಗೆ ಒಗೆಯುವ ಕಲ್ಲಿನ ಮೇಲೇ ಬಂದು ಕೂರುತ್ತದೆ. ಕಪ್ಪು ಕೋಟು, ಬಿಳಿ ಪಂಚೆ, ಬಾಲ ನೆಟ್ಟಗೆ ಮೇಲಕ್ಕೆ. ನಾನು ಬಟ್ಟೆ ಕುಕ್ಕುವುದನ್ನು ಕತ್ತು ವಾರೆ ಮಾಡಿ ನೋಡುತ್ತದೆ. ಒಗೆತ ಅದಕ್ಕೆ ಒಪ್ಪಿಗೆಯಾದ ಹಾಗೆ ಒಂದು ದಿನವೂ ಕಾಣಲಿಲ್ಲ.

ಇವರಿಗೆ ಇದೆಲ್ಲ ಅವಮಾನ. ಸಾವಿರಾರು ರೂಪಾಯಿಯ ಕೊಳ ಬಿಟ್ಟು ಹೆಂಡತಿಯ ಕೆಟ್ಟ ನಲ್ಲಿಗೆ ಹಕ್ಕಿ ಬರುವುದು ಅಂದರೆ!

ಆ ವರ್ಷ ಪುಷ್ಯ ಮಳೆ ಕಣ್ಣು ಮುಚ್ಚಿ ಹೊಯ್ಯಿತು. ಒಂದು ಬೆಳಿಗ್ಗೆ ಕಾಫಿ ಸೋಸುತ್ತಿದ್ದೆ, ಹಿತ್ತಲಲ್ಲಿ ದಬಕ್ಕನೆ ಸದ್ದು. ಹೋಗಿ ನೋಡಿದರೆ ಕೊಳದ ಪಡುವಣ ಗೋಡೆ ನೀರೊಳಗೆ ಮಲಗಿದೆ. ಹಿಂದಿನ ಮಣ್ಣು ನೀರು ಕುಡಿದು ಉಬ್ಬಿದೆ, ನೀರು ಹೊರಗೆ ಹೋಗಲು ಮೇಸ್ತ್ರಿ ಒಂದು ಕಿಂಡಿಯನ್ನೂ ಇಟ್ಟಿಲ್ಲ, ಮಣ್ಣು ಗೋಡೆಯನ್ನೇ ತಳ್ಳಿದೆ. ಮೇಸ್ತ್ರಿಯನ್ನು ಕೇಳಿದರೆ ತಪ್ಪು ಮಳೆಯದ್ದು. ಇವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮಳೆ ಬಿಟ್ಟ ಮೇಲೆ ಕಟ್ಟಿಸಿದರಾಯಿತು ಅಂತ ನಾನೇ ಸಮಾಧಾನ ಹೇಳಿದೆ.

ಕುಸಿದ ಮಣ್ಣು ಇಳಿಜಾರಾಗಿ ನೀರಿನೊಳಗೆ ಇಳಿದಿತ್ತು. ತುದಿಯಲ್ಲಿ ಕೆಸರು, ಆಮೇಲೆ ಅಂಗುಲದಷ್ಟು ನೀರು, ಆಮೇಲೆ ಗೇಣು, ಆಮೇಲೆ ಆಳ. ಯಾರೂ ನೆಡದೆ ಕೆಸು ಎದ್ದಿತು. ನಾನು ಪತ್ರೊಡೆಗೆ ಎಲೆ ಕೊಯ್ಯಲು ಹೋದರೆ ಎಲೆಯಡಿಯಿಂದ ಏನೋ ಪುಸಕ್ಕನೆ ಓಡಿತು. ಬಿಳಿ ಮುಖ, ಬಿಳಿ ಎದೆ, ಬಾಲದ ಅಡಿಯಲ್ಲಿ ಇಟ್ಟಿಗೆ ಬಣ್ಣ. ಹುಂಡುಕೋಳಿ. ಹತ್ತು ಹೆಜ್ಜೆ ಓಡಿ ನಿಂತು, ಬಾಲ ಎರಡು ಸಲ ಕುಣಿಸಿ, ನನ್ನನ್ನೇ ಬೈದ ಹಾಗೆ ಕೂಗಿತು. ಕೆಲವೇ ದಿನಗಳಲ್ಲಿ ಅದರ ಹಿಂದೆ ಮಸಿ ಉಂಡೆಗಳಂಥ ಮರಿಗಳು. ಬಾಣಂತಿ ಮನೆ ಅಂತ ನಾನು ಆ ವರ್ಷ ಪತ್ರೊಡೆ ಮಾಡಲಿಲ್ಲ. ಆದರೆ ಒಂದು ಮಾತು ಹೇಳಲೇಬೇಕು, ಮಳೆಗಾಲದ ರಾತ್ರಿ ಹುಂಡುಕೋಳಿ ಕೂಗಲು ಶುರು ಮಾಡಿದರೆ ಮನೆಯಲ್ಲಿ ಯಾರೂ ಮಲಗುವ ಹಾಗಿಲ್ಲ. ಗಂಟಲಿಗೆ ಏನೋ ಸಿಕ್ಕಿಕೊಂಡವರ ಹಾಗೆ ಕೊಕ್ರ್ ಕ್ವಾಕ್, ಕೊಕ್ರ್ ಕ್ವಾಕ್. ಹಕ್ಕಿಯ ಇಂಚರ ಅಂತ ಬರೆಯುವವರು ಒಂದು ರಾತ್ರಿ ನಮ್ಮಲ್ಲಿ ಬಂದು ಮಲಗಬೇಕು.

ನೀರಿನ ಮಟ್ಟ ಅಳೆಯಲು ಇವರು ಹೊಂಡದ ನಡುವೆ ಒಂದು ಅಡಿಕೆ ದಬ್ಬೆ ಹುಗಿದಿದ್ದರು. ಗೋಡೆ ಬಿದ್ದಾಗ ಅದೂ ವಾಲಿತು. ವಾಲಿದ ದಬ್ಬೆ ಮಿಂಚುಳ್ಳಿಗೆ ಇಷ್ಟವಾಯಿತು. ನೆಟ್ಟಗಿದ್ದಾಗ ಯಾಕೆ ಬರಲಿಲ್ಲವೋ.

ನಮ್ಮಲ್ಲಿಗೆ ಬರುವುದು ಎರಡು ಜಾತಿ. ಗದ್ದೆ ಮಿಂಚುಳ್ಳಿ ದೊಡ್ಡದು, ಚಾಕಲೇಟ್ ತಲೆ, ಬಿಳಿ ಎದೆ, ಕೆಂಪು ಕೊಕ್ಕು. ಅದಕ್ಕೆ ಮೀನೇ ಆಗಬೇಕು ಅಂತಿಲ್ಲ, ಮಿಡತೆ, ಏಡಿ, ಓತಿಕ್ಯಾತ ಎಲ್ಲ ನಡೆಯುತ್ತದೆ. ಇನ್ನೊಂದು ಸಣ್ಣದು, ಗುಬ್ಬಿಗಿಂತ ಅಷ್ಟೇನೂ ದೊಡ್ಡದಲ್ಲ. ಅದಕ್ಕೆ ಮೀನೇ ಬೇಕು. ಕೂತಲ್ಲೇ ತಲೆ ಕೆಳಗೆ ಮೇಲೆ ಮಾಡಿ ಲೆಕ್ಕ ಹಾಕುತ್ತದೆ. ಚುಳಕ್ ಅಂತ ಸದ್ದು ಕೇಳುವಷ್ಟರಲ್ಲಿ ವಾಪಸ್ ದಬ್ಬೆಯ ಮೇಲೆ. ಗಪ್ಪಿಯನ್ನು ಎರಡು ಸಲ ದಬ್ಬೆಗೆ ಚಚ್ಚುತ್ತದೆ, ನಾನು ಬಟ್ಟೆ ಚಚ್ಚುವ ಹಾಗೇ. ತಾನು ತಿನ್ನುವುದಾದರೆ ಮೀನಿನ ತಲೆ ಗಂಟಲಿನ ಕಡೆ, ಮರಿಗೋ ಹೆಣ್ಣಿಗೋ ಕೊಡುವುದಾದರೆ ಮೀನಿನ ತಲೆ ಹೊರಗಡೆ. ತಲೆ ಮುಂದಾಗಿ ಹೋದರೆ ಈಜುರೆಕ್ಕೆ ಗಂಟಲಿಗೆ ಅಡ್ಡ ಬರುವುದಿಲ್ಲ ಅಲ್ವಾ. ಒಂದು ಏಪ್ರಿಲ್ ತಿಂಗಳು ಪೂರ್ತಿ ಅದು ಮೀನನ್ನು ತಲೆ ಹೊರಗೆ ಮಾಡಿ ಕಚ್ಚಿಕೊಂಡು ಹಳ್ಳದ ಧರೆಯ ಕಡೆ ಹಾರುತ್ತಿತ್ತು. ಅಲ್ಲೆಲ್ಲೋ ಮಣ್ಣಿನ ಬಿಲದಲ್ಲಿ ಸಂಸಾರ ಇದೆ ಅಂತ ಗೊತ್ತಾಯಿತು. ಹುಡುಕಿಕೊಂಡು ಹೋಗಲಿಲ್ಲ.

ಒಂದು ದಿನ ದಬ್ಬೆಯ ಕೆಳಗೆ ಗದ್ದೆ ಮಿಂಚುಳ್ಳಿಯ ಗರಿ ಸಿಕ್ಕಿತು. ಅಂಥ ನೀಲಿ ನಮ್ಮ ಯಾವ ರೇಷ್ಮೆ ಸೀರೆಯಲ್ಲೂ ಇಲ್ಲ. ಬೆಳಕಿಗೆ ಹಿಡಿದು ನೋಡೋಣ ಅಂತ ಕಿಟಕಿಗೆ ಅಡ್ಡ ಹಿಡಿದೆ. ನೀಲಿ ಮಾಯ! ಕಾಫಿ ಗಸಿಯ ಹಾಗೆ ಮಂಕು ಕಂದು. ಮತ್ತೆ ತಿರುಗಿಸಿದೆ, ನೀಲಿ. ಅದರಲ್ಲಿ ನೀಲಿ ಬಣ್ಣವೇ ಇಲ್ಲವಂತೆ. ಗರಿಯೊಳಗಿನ ಕಣ್ಣಿಗೆ ಕಾಣದ ರಚನೆ ಬೆಳಕಿನಲ್ಲಿ ನೀಲಿಯನ್ನು ಮಾತ್ರ ನಮ್ಮ ಕಡೆ ಎಸೆಯುತ್ತದೆ. ಆ ಗರಿ ಈಗ ಪಂಚಾಂಗದ ನಡುವೆ ಇದೆ. ತಿಥಿ ನೋಡಲು ತೆಗೆದಾಗಲೆಲ್ಲ ಒಂದು ಸಲ ಕಿಟಕಿಗೆ ಹಿಡಿಯುತ್ತೇನೆ.

ಕೊಳದ ಬಕನಿಗೂ ಇವರಿಗೂ ಮಾತ್ರ ಆಗಿಬರುವುದಿಲ್ಲ. ಇವರು ಕುರ್ಚಿಯಲ್ಲಿ, ಅದು ಕೆಸರಿನಲ್ಲಿ. ಇಬ್ಬರೂ ಅಲುಗಾಡುವುದಿಲ್ಲ. ಮಾಸಲು ಕಂದು ಮೈ, ಮಣ್ಣಿನ ಹೆಂಟೆಯ ಹಾಗೆ ಕಾಣುತ್ತದೆ. ಇವರು ಕೆಮ್ಮಿದರೆ ಬುಸಕ್ಕನೆ ಎದ್ದು ಹಾರುತ್ತದೆ, ಆಗ ನೋಡಬೇಕು, ಒಳಗೆ ಮಡಿಚಿಟ್ಟ ರೆಕ್ಕೆ ಹಾಲಿನಂಥ ಬಿಳಿ. ಮಳೆಗಾಲ ಬಂದರೆ ಬೆನ್ನಿಗೆ ಕೆಂಗಂದು ಶಾಲು ಬೇರೆ. ಅದು ಅದರ ಮದುವೆ ಕಾಲ. ಧ್ಯಾನದಲ್ಲಿ ಇವರನ್ನು ಸೋಲಿಸಿ ದಿನಕ್ಕೆ ಎಷ್ಟೋ ಗಪ್ಪಿ ನುಂಗುತ್ತದೆ. ಗಪ್ಪಿಗಳ ಲೆಕ್ಕ ಮಾತ್ರ ಯಾವತ್ತೂ ಕಮ್ಮಿ ಆದ ಹಾಗಿಲ್ಲ.

ಕಳೆದ ಮಳೆಗಾಲ ಶಿವಮೊಗ್ಗದಿಂದ ಬರುವಾಗ ಮಂಡಗದ್ದೆಯಲ್ಲಿ ಇಳಿದಿದ್ದೆವು. ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಇರುಳು ಬಕ ಎಲ್ಲ ಗೂಡು ಮಾಡಿಕೊಂಡು ಕೂತಿದ್ದವು. ಹಸಿರು ಎಲೆಗಿಂತ ಹಕ್ಕಿಯೇ ಜಾಸ್ತಿ. ಚೆಂದವೇ. ಆದರೆ ಅದು ಜಾತ್ರೆ. ಜಾತ್ರೆಯಲ್ಲಿ ಯಾರ ಮುಖವೂ ನೆನಪಿರುವುದಿಲ್ಲ. ಹಿತ್ತಲಿಗೆ ಬರುವವರಲ್ಲಿ ಯಾರಿಗೆ ಯಾರ ಕಂಡರಾಗದು ಅನ್ನುವುದೂ ನನಗೆ ಗೊತ್ತು. ಹರಟೆಮಲ್ಲಗಳು ಏಳೆಂಟು ಒಟ್ಟಿಗೆ ಬಂದು, ಎಲ್ಲ ಒಟ್ಟಿಗೆ ಮಾತಾಡಿ, ಎಲ್ಲ ಒಟ್ಟಿಗೆ ಮಿಂದು, ಕೆಸರೆಬ್ಬಿಸಿ ಹೋದ ಮೇಲೆ ಮಡಿವಾಳ ಅರ್ಧ ಗಂಟೆ ಆ ಕಡೆ ಕಾಲಿಡುವುದಿಲ್ಲ. ನೀರು ತಿಳಿಯಾಗಬೇಕು ಅದಕ್ಕೆ.

ಮಳೆ ಹಿಂದಾಗುವ ಹೊತ್ತಿಗೆ ಒಂಟಿ ಸಿಪಿಲೆ ಬರುತ್ತದೆ. ಬೂದು ಬೆನ್ನು, ಹಳದಿ ಹೊಟ್ಟೆ. ಪುಸ್ತಕದವರು ಸಿಪಿಲೆ ಅನ್ನಲಿ, ನಮಗದು ಕುಂಡೆಕುಸ್ಕ. ನಿಂತಲ್ಲಿ ನಿಲ್ಲದೆ ಹಿಂಭಾಗ ಕುಣಿಸುವುದಕ್ಕೆ ಇದಕ್ಕಿಂತ ನೇರವಾದ ಹೆಸರು ಸಿಗಲಾರದು. ತೂಕ 20 ಗ್ರಾಂ ಕೂಡ ಇಲ್ಲ. ಹಿಮಾಲಯದ ಕಡೆಯಿಂದ ಹಾರಿ ಬಂದು ನಮ್ಮ ಕುಸಿದ ದಂಡೆಯ ಮೇಲೆ ನೊಣ ಹಿಡಿಯುತ್ತದೆ. ಅದು ಬಂದ ದಿನ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕ ಗುರುತು ಹಾಕುತ್ತೇನೆ. ಏಪ್ರಿಲ್ ಹೊತ್ತಿಗೆ ಹೋಗಿಬಿಡುತ್ತದೆ. ಹೋದ ದಿನ ಮಾತ್ರ ಯಾವ ವರ್ಷವೂ ತಿಳಿಯುವುದಿಲ್ಲ. ನಾಲ್ಕು ದಿನ ಆದ ಮೇಲೆ, ಅರೆ, ಕಾಣ್ತಾ ಇಲ್ಲವಲ್ಲ ಅನ್ನಿಸುತ್ತದೆ.

ಚಳಿಗಾಲದ ಸಂಜೆ ಎಲ್ಲರದೂ ಮುಗಿದ ಮೇಲೆ ರಾಜಹಕ್ಕಿಯ ಪಾಳಿ. ಬೆಳ್ಳಗೆ ಮೈ, ಕರೀ ಜುಟ್ಟು, ಹಿಂದೆ ಗೇಣಿಗಿಂತ ಉದ್ದದ ಎರಡು ಬಿಳಿ ರಿಬ್ಬನ್ನು. ಅದು ದಂಡೆಗೆ ಇಳಿಯುವುದಿಲ್ಲ. ಪೇರಲೆ ಕೊಂಬೆಯಿಂದ ಹಾರಿ, ನೀರಿಗೆ ಎದೆ ತಾಗಿಸಿ, ಮತ್ತೆ ಕೊಂಬೆಗೆ. ಮತ್ತೆ ನೀರಿಗೆ. ಬಾಲ ಹಿಂದಿನಿಂದ ನಿಧಾನವಾಗಿ ಬರುತ್ತದೆ. ಆರು ಸಲ, ಏಳು ಸಲ. ಆಗ ಒಲೆಯ ಮೇಲೆ ಹಾಲು ಇದ್ದರೆ ಅದು ಉಕ್ಕಿಯೇ ಉಕ್ಕುತ್ತದೆ.

ಗೋಡೆ ಕಟ್ಟಿಸುವ ಮಾತು ಇನ್ನೂ ಸತ್ತಿಲ್ಲ. ಮೊದಲ ವರ್ಷ ನಾನು "ಕೊನೆಕೊಯ್ಲು ಮುಗಿಯಲಿ" ಅಂದೆ. ಆಮೇಲೆ ಅಡಿಕೆ ಒಣಗಲಿ ಅಂದೆ. ಆಮೇಲೆ ದರ ಏರಲಿ ಅಂದೆ. ಅಡಿಕೆ ಬೆಳೆಗಾರರ ಮನೆಯಲ್ಲಿ ಈ ಮೂರು ಮಾತಿಗೆ ಎದುರು ಮಾತಿಲ್ಲ.

ಹೋದ ವಾರ ಇವರು ಪೇಟೆಗೆ ಹೋಗಿದ್ದಾಗ ನಲ್ಲಿ ರಿಪೇರಿಯವನು ತಾನಾಗಿಯೇ ಬಂದ. ಕೈಯಲ್ಲಿ ಹೊಸ ವಾಷರು, ಮುಖದಲ್ಲಿ ತಪ್ಪೊಪ್ಪಿಗೆ. "ತಡ ಆಯ್ತು ಅಕ್ಕ, ಈಗ ಐದು ನಿಮಿಷದ ಕೆಲಸ" ಅಂದ. ಕಲ್ಲಿನ ಕೆಳಗೆ ಎರಡು ಪಿಕಳಾರ ಮೀಯುತ್ತಿದ್ದವು. ನಾನು ಬಾಗಿಲಿಗೆ ಅಡ್ಡ ನಿಂತು, ನಲ್ಲಿ ಸರಿಯಾಗಿದೆ ಅಂದೆ. ಅವನಿಗೆ ತೊಟ್ಟಿಕ್ಕುವ ಸದ್ದು ಕೇಳುತ್ತಲೇ ಇತ್ತು. ಕಾಫಿ ಕೊಟ್ಟೆ. ಕುಡಿದು, ಒಂದು ಸಲ ನನ್ನ ಮುಖ ನೋಡಿ, ಸ್ಪ್ಯಾನರ್ ಚೀಲಕ್ಕೆ ಹಾಕಿಕೊಂಡು ಹೋದ.

ಇವರಿಗೆ ಇನ್ನೂ ಹೇಳಿಲ್ಲ.