ಲಿವರ್‌ಪೂಲ್ ಕಪ್ ಗೆದ್ದದ್ದು ಲಿವರ್‌ಪೂಲಿಗೇ ಗೊತ್ತಾಗಲಿಲ್ಲ

ಇಂಡಿಯನ್ ರೇಸಿಂಗ್ ಲೀಗ್ ಎಂಬ ಕಾರು ಓಟದ ಸರಣಿಯ ಬೆಂಗಳೂರು ತಂಡಕ್ಕೆ ಕಿಚ್ಚ ಸುದೀಪ್ ಮಾಲೀಕರಾದ ಸುದ್ದಿಯನ್ನು ಎಲ್ಲರೂ ಓದಿಯಾಗಿದೆ. ಕಾರಿನ ಮೇಲೆ ಊರ ಹೆಸರು ಬಂತು, ಇನ್ನು ಅಭಿಮಾನ ಉಕ್ಕುವುದೊಂದೇ ಬಾಕಿ. ಆ ಕಾರು ಓಡುವುದನ್ನು ನೋಡಬೇಕೆಂದರೆ ಮಾತ್ರ ಕೊಯಮತ್ತೂರಿಗೋ ಚೆನ್ನೈಗೋ ಬಸ್ ಹತ್ತಬೇಕು. ಎಲ್ಲ ತಂಡಕ್ಕೂ ಅದೇ ಇಟಲಿಯ ವುಲ್ಫ್ ಕಾರು, ಅದೇ 1,100 ಸಿಸಿಯ ಅಪ್ರಿಲಿಯಾ ಇಂಜಿನ್. ಬೇರೆ ಇರುವುದು ಸ್ಟಿಕ್ಕರ್. ಹೆಸರು ಅಂಟಿಸಿದರೆ ಜನ ಬರುತ್ತಾರೆ ಅನ್ನುವ ಈ ನಂಬಿಕೆಗೆ ಒಬ್ಬ ಕುಲಪುರುಷ ಇದ್ದಾನೆ. ಅವನಿಗೆ ಕೈಮುಗಿಯದೆ ಮುಂದೆ ಹೋಗಬಾರದು. ಹೆಸರು ಸೂಪರ್‌ಲೀಗ್ ಫಾರ್ಮುಲಾ, ಫುಟ್‌ಬಾಲ್ ಕ್ಲಬ್ಬುಗಳ ಹೆಸರು, ಬಣ್ಣ ಹಚ್ಚಿದ ಕಾರುಗಳ ರೇಸ್ ಸರಣಿ. ಜನನ 2008, ಇಂಗ್ಲೆಂಡಿನ ಡೋನಿಂಗ್ಟನ್ ಪಾರ್ಕ್. ಮರಣ 2011, ಬೆಲ್ಜಿಯಂನ ಝೋಲ್ಡರ್.

ಲೆಕ್ಕ ಬಹಳ ಸರಳವಾಗಿತ್ತು. ಯುರೋಪಿನಲ್ಲಿ ಫುಟ್‌ಬಾಲ್ ಹುಚ್ಚರಿದ್ದಾರೆ, ರೇಸ್ ಹುಚ್ಚರೂ ಇದ್ದಾರೆ. ಪಾಯಸಕ್ಕೆ ಸಾರು ಸುರಿದರೆ ಎರಡರ ಪ್ರಿಯರೂ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ.

ಕಾರಿನ ಬಗ್ಗೆ ಮಾತ್ರ ಸುಳ್ಳು ಹೇಳಬಾರದು. ಅಮೆರಿಕದ ಪ್ಯಾನೋಜ್ ಕಂಪನಿಯ ಚಾಸಿ (ಕಾರಿನ ಚೌಕಟ್ಟು), ಚಾಲಕನ ಬೆನ್ನ ಹಿಂದೆ ಮೆನಾರ್ಡ್ ಕಂಪನಿಯ 4.2 ಲೀಟರಿನ ವಿ12, ಅಂದರೆ ಹನ್ನೆರಡು ಸಿಲಿಂಡರಿನ ಇಂಜಿನ್, 750 ಅಶ್ವಶಕ್ತಿ. ಆಗ ಫಾರ್ಮುಲಾ ಒನ್ನಿನಲ್ಲೇ 2.4 ಲೀಟರಿನ ವಿ8 ಓಡುತ್ತಿತ್ತು. ಫೆರಾರಿ ಅಲ್ಲಿ ವಿ12 ಕೈಬಿಟ್ಟು 13 ವರ್ಷವಾಗಿತ್ತು. ಆ ದನಿ ಕೇಳಲೆಂದೇ ಟಿಕೆಟ್ ಕೊಡುವವರು ಇದ್ದರು. ಅವರಿಗೆ ಸಿಕ್ಕಿದ್ದು ಆ ದನಿಯ ಮೇಲೆ ಹೊದಿಸಿದ ಜೆರ್ಸಿ.

ಜೆರ್ಸಿ ಅಂದ ಮೇಲೆ ಬಣ್ಣದ ವಿಷಯ. ಎಸಿ ಮಿಲಾನ್ ಕೆಂಪು-ಕಪ್ಪು. ಬ್ರೆಜಿಲ್‌ನ ಫ್ಲಮೆಂಗೊ ಕೂಡ ಕೆಂಪು-ಕಪ್ಪು. ರೋಮಾದ್ದೂ ಗಲಾಟಸರಾಯ್‌ದೂ ಕೆಂಪು-ಹಳದಿಯ ದಾಯಾದಿ ಬಣ್ಣ. ಫುಟ್‌ಬಾಲಿನಲ್ಲಿ ಇಂಥ ಸಂಕಟಕ್ಕೆ ನೂರು ವರ್ಷದ ಹಿಂದೆಯೇ ಪರಿಹಾರವಿದೆ: ಹೊರಗಿನಿಂದ ಬಂದವರು ಬೇರೆ ಅಂಗಿ ತೊಟ್ಟುಕೊಳ್ಳುತ್ತಾರೆ. ಕಾರಿಗೆ ಎರಡನೇ ಅಂಗಿ ಎಲ್ಲಿಂದ ತರುವುದು? ಗಂಟೆಗೆ ಇನ್ನೂರೈವತ್ತು ಕಿಲೋಮೀಟರ್ ವೇಗದಲ್ಲಿ ಕೆಂಪು-ಕಪ್ಪು ಗೆರೆಯೊಂದು ಮುಂದೆ ಹಾದುಹೋದರೆ, ಕೂಗಬೇಕಾದದ್ದು ಮಿಲಾನಿಗೋ ಫ್ಲಮೆಂಗೊಗೋ ಎಂದು ನಿರ್ಧರಿಸುವಷ್ಟರಲ್ಲಿ ಅದು ಮುಂದಿನ ತಿರುವಿನಲ್ಲಿರುತ್ತದೆ. ಹಳೇ ಫುಟ್‌ಬಾಲ್ ಅಭಿಮಾನಿಗೆ ಆಟಗಾರನ ನಡಿಗೆ ಕಂಡರೆ ಸಾಕು, ಗುರುತು ಹಿಡಿಯುತ್ತಾನೆ. ಇಲ್ಲಿ ಕಾಣುವುದು ಒಂದು ಹೆಲ್ಮೆಟ್ಟು, ಅದೂ ಅರ್ಧ.

ಇದಕ್ಕಿಂತ ದೊಡ್ಡ ಜಾಣತನ ಇನ್ನೊಂದಿದೆ. ಕ್ಲಬ್ಬಿನ ಅಭಿಮಾನ ಹುಟ್ಟುವುದೇ ನೆರೆಯವನ ಮೇಲಿನ ಹೊಟ್ಟೆಯುರಿಯಿಂದ. ಮಿಲಾನಿಗೆ ಇಂಟರ್, ರೋಮಾಗೆ ಲಾಜಿಯೊ, ಗ್ಲಾಸ್ಗೊದ ರೇಂಜರ್ಸಿಗೆ ಸೆಲ್ಟಿಕ್, ಲಿವರ್‌ಪೂಲಿಗೆ ಎವರ್ಟನ್. ಸೂಪರ್‌ಲೀಗಿನವರು ಈ ಪ್ರತಿ ಜೋಡಿಯಲ್ಲೂ ಒಬ್ಬರನ್ನು ಕರೆದು ಇನ್ನೊಬ್ಬರನ್ನು ಬಿಟ್ಟರು! ಬೇಲಿ ಜಗಳ ಏರ್ಪಡಿಸಿ, ಪಕ್ಕದ ಹೊಲದವನನ್ನೇ ಕರೆಯದ ಹಾಗೆ. ರೇಂಜರ್ಸ್ ಅಭಿಮಾನಿ ಚೀನಾದ ಬೀಜಿಂಗ್ ಗುವೋಆನ್ ಮೇಲೆ ಹಲ್ಲು ಕಡಿಯಬೇಕಂತೆ. ಯಾಕೆ? ಅವರೇನು ಇವನ ಅಜ್ಜನ ಕಾಲದಿಂದ ಬೈದುಕೊಂಡು ಬಂದವರೇ?

ಆ ಬೀಜಿಂಗ್ ಗುವೋಆನೇ 2008ರ ಮೊದಲ ಚಾಂಪಿಯನ್. ಚೀನಾದ ಈ ವಿಜಯವನ್ನು ತಂದುಕೊಟ್ಟವನು ಇಟಲಿಯ ಡೇವಿಡೆ ರಿಗೊನ್. ಕಾರನ್ನು ನಡೆಸಿದ್ದು ಜರ್ಮನಿಯ ಝಾಕ್‌ಸ್ಪೀಡ್. ಟೈರು ಫ್ರಾನ್ಸಿನ ಮಿಶೆಲಿನ್. ಎರಡು ವರ್ಷ ಬಿಟ್ಟು ಅದೇ ರಿಗೊನ್ ಮತ್ತೆ ಚಾಂಪಿಯನ್ ಆದ, ಆಗ ಬೆಲ್ಜಿಯಂನ ಆಂಡರ್ಲೆಕ್ಟ್‌ಗೆ. ನಮ್ಮ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ 2010ರಲ್ಲಿ ಡಚ್ ಕ್ಲಬ್ ಪಿಎಸ್‌ವಿ ಐಂಡ್‌ಹೋವನ್ ಬಣ್ಣ ಹೊತ್ತು ಬ್ರಾಂಡ್ಸ್ ಹ್ಯಾಚ್‌ನಲ್ಲಿ ರೇಸ್ ಗೆದ್ದ. ಗೆಲುವು ಅಪ್ಪಟ. ಐಂಡ್‌ಹೋವನ್ನಿನಲ್ಲಿ ಎಷ್ಟು ಜನ ಪಟಾಕಿ ಹೊಡೆದರು ಎಂದು ಮಾತ್ರ ಕೇಳಬೇಡಿ.

ನಿಯಮದಲ್ಲೂ ಫುಟ್‌ಬಾಲ್ ತುರುಕದಿದ್ದರೆ ಹೇಗೆ? ಅರ್ಹತಾ ಸುತ್ತಿಗೆ ಎರಡು ಗುಂಪು, ಪ್ರತಿ ಗುಂಪಿನ ಮೊದಲ ನಾಲ್ವರಿಗೆ ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್. ಕೇಳಲು ಚೆಂದ. ರೇಸಿನ ಸ್ಲಿಕ್, ಅಂದರೆ ಗೀರಿಲ್ಲದ ನುಣುಪು ಟೈರು ತಣ್ಣಗಿದ್ದರೆ ಗಾಜಿನ ಹಾಗೆ ಜಾರುತ್ತದೆ. ಅದಕ್ಕೇ ಚಾಲಕ ಅತ್ತಿತ್ತ ಹಾವಿನಂತೆ ಹೊರಳಿಸುತ್ತಾ, ಬ್ರೇಕ್ ತುಳಿದು ಡಿಸ್ಕಿನ ಬಿಸಿಯನ್ನು ರಿಮ್ಮಿನ ಮೂಲಕ ರಬ್ಬರಿಗೆ ಹಾಯಿಸುತ್ತಾನೆ. ಹದ ಸಿಗುವುದು ಒಂದೋ ಎರಡೋ ಲ್ಯಾಪು. ಆಮೇಲೆ ರಬ್ಬರು ದಣಿಯುತ್ತದೆ. ಅಂದರೆ ಸೆಮಿಫೈನಲ್ ಗೆದ್ದವನಿಗೆ ಬಹುಮಾನ, ಇನ್ನಷ್ಟು ಸವೆದ ಟೈರು.

ಎರಡನೇ ರೇಸಿನಲ್ಲಿ ಇನ್ನೂ ಮಜಾ: ಮೊದಲ ರೇಸಿನ ಫಲಿತಾಂಶವನ್ನು ತಲೆಕೆಳಗು ಮಾಡಿ ಕಾರುಗಳನ್ನು ನಿಲ್ಲಿಸುತ್ತಿದ್ದರು. ಗೆದ್ದವನು ಕೊನೆಗೆ, ಸೋತವನು ಮುಂದಕ್ಕೆ. ಎಲ್ಲರದೂ ಒಂದೇ ಕಾರು, ನೇರದಾರಿಯಲ್ಲಿ ಒಂದೇ ವೇಗ. ಮುಂದಿನ ಕಾರಿನ ಬೆನ್ನಿಗೆ ಅಂಟಿದರೆ ತನ್ನ ಮೂಗಿನ ರೆಕ್ಕೆಗೆ ಗಾಳಿ ಸಾಲದು, ಸ್ಟಿಯರಿಂಗ್ ತಿರುಗಿಸಿದರೂ ಮೂಗು ತಿರುಗದು. ಉಳಿದ ದಾರಿ ತಡವಾಗಿ ಬ್ರೇಕ್ ಹಾಕಿ ನುಗ್ಗುವುದು. ಮೊದಲ ತಿರುವಿನಲ್ಲಿ ಕಾರ್ಬನ್ ಫೈಬರ್ ಚೂರು ಗುಡಿಸಲು ಪೊರಕೆ ಹಿಡಿದ ಮಾರ್ಷಲ್‌ಗಳೇ, ಅಂದರೆ ಟ್ರ್ಯಾಕ್ ಕಾಯುವವರೇ, ಇದರಲ್ಲಿ ನಿಜವಾದ ಡಿಫೆಂಡರ್‌ಗಳು.

2010ರಲ್ಲಿ ಇದು ಚೀನಾದ ಓರ್ಡೋಸಿಗೂ ಹೋಯಿತು. ಕಟ್ಟಡ ಎದ್ದರೂ ಜನ ಬಾರದೆ ಖಾಲಿ ಊರೆಂದು ಹೆಸರಾದ ಓರ್ಡೋಸ್. ಇಷ್ಟು ಸರಿಹೊಂದುವ ಜಾಗವನ್ನು ಹುಡುಕಿದವರಿಗೆ ಸಂಬಳ ಹೆಚ್ಚಿಸಬೇಕಿತ್ತು.

ಸಂಬಳದ ದುಡ್ಡು ಎಲ್ಲಿಂದ ಬಂತು ಎಂದು ನೋಡಿದರೆ ನಗು ನಿಲ್ಲುತ್ತದೆ. 2009ರಿಂದ ಸರಣಿಯ ಹೆಸರಿನ ಜೊತೆ ಅಂಟಿಕೊಂಡಿದ್ದು ಸೋನಾಂಗೋಲ್, ಅಂಗೋಲಾದ ಸರ್ಕಾರಿ ತೈಲ ಕಂಪನಿ. 27 ವರ್ಷದ ಅಂತರ್ಯುದ್ಧ ಮುಗಿಸಿ 2002ರಲ್ಲಷ್ಟೇ ಉಸಿರು ಬಿಟ್ಟ ದೇಶ ಅದು. ಅಲ್ಲಿನ ಒಂದು ಕ್ಲಬ್ಬೂ ಈ ಆಟದಲ್ಲಿ ಇರಲಿಲ್ಲ, ಒಂದು ರೇಸೂ ಅಲ್ಲಿ ನಡೆಯಲಿಲ್ಲ. ಕುಡಿಯುವ ನೀರಿಗೆ ಪರದಾಡುವ ಜನರ ಎಣ್ಣೆಯ ಕಾಸು, ಯುರೋಪಿನ ಶ್ರೀಮಂತ ಕ್ಲಬ್ಬುಗಳ ಲಾಂಛನವನ್ನು ಸುತ್ತು ಹೊಡೆಸುವುದಕ್ಕೆ ಹೋಯಿತು. ಇದರಲ್ಲಿ ಏನು ತಮಾಷೆ ಮಾಡುವುದು? ಸಾಕಾಗಿದೆ.

2011ಕ್ಕೆ ಕ್ಲಬ್ಬುಗಳು ಕರಗಿದವು. ಆಗ ಹೊಳೆದ ಉಪಾಯ: ದೇಶಗಳ ಹೆಸರು ಹಚ್ಚೋಣ. ದೇಶಗಳ ಹೆಸರಿನದೇ ಇನ್ನೊಂದು ರೇಸ್ ಸರಣಿ ಎ1 ಗ್ರಾಂಡ್ ಪ್ರಿ ಕೈಯಲ್ಲಿ ಕಾಸಿಲ್ಲದೆ ಬಾಗಿಲು ಹಾಕಿ ಹೆಚ್ಚುಕಡಿಮೆ ಎರಡು ವರ್ಷವಷ್ಟೇ ಆಗಿತ್ತು. ಅಸ್ಸೆನ್, ಝೋಲ್ಡರ್, ಎರಡೇ ಸುತ್ತು, ಅಲ್ಲಿಗೆ ಮುಗಿಯಿತು.

ಲಿವರ್‌ಪೂಲ್ ವಿಷಯ ಉಳಿಯಿತು. 1990ರ ಮೇಲೆ ಇಂಗ್ಲಿಷ್ ಲೀಗ್ ಗೆಲ್ಲದೆ, ನಮ್ಮ ಆರ್‌ಸಿಬಿ ಅಭಿಮಾನಿಗಳಂತೆ ಪ್ರತಿ ವರ್ಷ ಕಪ್ ನಮ್ಮದೇ ಎಂದು ಕಾದವರು ಅವರು. 2009ರಲ್ಲಿ ಸ್ಪೇನಿನ ಆದ್ರಿಯಾನ್ ವಾಲೆಸ್ ಲಿವರ್‌ಪೂಲ್ ಹೆಸರಿನ ಕಾರಿನಲ್ಲಿ ಸೂಪರ್‌ಲೀಗ್ ಗೆದ್ದುಕೊಟ್ಟ. ಎರಡನೇ ಸ್ಥಾನ, ಫುಟ್‌ಬಾಲಿನಲ್ಲೂ ಕಪ್ಪಿನ ಹತ್ತಿರ ಬಂದು ಕೈಚೆಲ್ಲುವುದಕ್ಕೇ ಹೆಸರಾಗಿದ್ದ ಟಾಟನ್‌ಹ್ಯಾಮಿಗೆ, ಮರುವರ್ಷವೂ ಎರಡನೆಯದೇ. ಅಷ್ಟರಮಟ್ಟಿಗೆ ಮಾತ್ರ ಕಾರಿಗೂ ಕ್ಲಬ್ಬಿಗೂ ನಿಜವಾದ ರಕ್ತಸಂಬಂಧವಿತ್ತು. 2020ರಲ್ಲಿ ಲಿವರ್‌ಪೂಲ್ ಕೊನೆಗೂ ಲೀಗ್ ಗೆದ್ದಾಗ ಆ ಊರಿನವರು ಎಣಿಸಿದ್ದು ಮೂವತ್ತು ವರ್ಷದ ಬರಗಾಲ. ಹತ್ತೊಂಬತ್ತನೆಯ ವರ್ಷದಲ್ಲೊಮ್ಮೆ ವಿ12 ಮಳೆ ಸುರಿದಿತ್ತೆಂದು ಯಾರೂ ಲೆಕ್ಕ ತಿದ್ದಲಿಲ್ಲ.