ಗೊತ್ತಾಗುತ್ತೆ ಬಿಡಿ

ಗೇರ್ ಯಾವಾಗ ಬದಲಿಸಬೇಕು? ನಲವತ್ತು ದಾಟಿದ ಮೇಲೆ ಕಾರು ಕಲಿಯಲು ಹೊರಟ ನಾನು ಈ ಪ್ರಶ್ನೆ ಕೇಳದ ಜನವೇ ಇಲ್ಲ. ಎಲ್ಲರದ್ದೂ ಒಂದೇ ಉತ್ತರ: "ಗೊತ್ತಾಗುತ್ತೆ ಬಿಡಿ."

ಹೇಗೆ ಗೊತ್ತಾಗುತ್ತೆ, ಗೊತ್ತಾಗುವ ತನಕ ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಹಸಿವಾದರೆ ಗೊತ್ತಾಗುತ್ತೆ, ನಿದ್ದೆ ಬಂದರೆ ಗೊತ್ತಾಗುತ್ತೆ, ಒಪ್ಪಿದೆ. ಲೋಹದ ಡಬ್ಬಿಯೊಳಗೆ ಎಣ್ಣೆಯಲ್ಲಿ ಮುಳುಗಿ ಕೂತ ಹಲ್ಲುಚಕ್ರಗಳಿಗೆ ಈಗ ಏನು ಬೇಕಾಗಿದೆ ಅನ್ನುವುದು ನನಗೆ ಹೇಗೆ ಗೊತ್ತಾಗಬೇಕು?

ಕಲಿಸಿದ ಗುರುಗಳು ಮೊದಲ ದಿನ ನನ್ನ ಕಾಲಬುಡಕ್ಕೆ ಬೆರಳು ತೋರಿಸಿ, "ಬಲದಿಂದ ಎಡಕ್ಕೆ ಎ, ಬಿ, ಸಿ. ಆಕ್ಸಿಲರೇಟರ್, ಬ್ರೇಕ್, ಕ್ಲಚ್. ಅಷ್ಟೇ ವಿದ್ಯೆ" ಅಂದರು. ಎಬಿಸಿಯನ್ನು ಬಲದಿಂದ ಎಡಕ್ಕೆ ಓದಬೇಕಾಗಿ ಬಂದದ್ದು ಜೀವಮಾನದಲ್ಲಿ ಅದೇ ಮೊದಲು. ಅದೂ ಅಲ್ಲದೆ ಪೆಡಲ್ ಮೂರು, ಕಾಲು ಎರಡು. ಈ ಲೆಕ್ಕ ಅವತ್ತೇ ನನಗೆ ತಾಳೆಯಾಗಲಿಲ್ಲ.

ಆದರೂ ಆ ಗಾಡಿಯನ್ನು ನಾನು ಚೆನ್ನಾಗಿಯೇ ಓಡಿಸಿದೆ. ಗುರುಗಳು "ಸೆಕೆಂಡ್" ಅಂದರೆ ಸೆಕೆಂಡ್, "ಥರ್ಡ್" ಅಂದರೆ ಥರ್ಡ್. ಒಂದೇ ಒಂದು ಸಲವೂ ಗಾಡಿ ಆಫ್ ಆಗಲಿಲ್ಲ. ಇಪ್ಪತ್ತು ದಿನ ಕಳೆಯುವ ಹೊತ್ತಿಗೆ ನನ್ನ ಕೈಯಲ್ಲಿ ಏನೋ ಇದೆ ಅನ್ನುವ ನಂಬಿಕೆ ಬಲವಾಗಿತ್ತು. ಕೊನೆಯ ದಿನ ಇಳಿಯುವಾಗ ಜೇಬಿನಿಂದ ಜಾರಿದ ಪೆನ್ನು ಹುಡುಕಲು ಬಗ್ಗಿದೆ. ಗುರುಗಳ ಕಡೆಯಲ್ಲೂ ಒಂದು ಕ್ಲಚ್, ಒಂದು ಬ್ರೇಕ್ ಇದ್ದವು. ಅವರ ಕ್ಲಚ್ಚಿನ ರಬ್ಬರು ನನ್ನದಕ್ಕಿಂತ ಹೆಚ್ಚು ಸವೆದಿತ್ತು.

ಸ್ವಂತ ಗಾಡಿಯಲ್ಲಿ ಆ ಎರಡನೇ ಕ್ಲಚ್ ಇರಲಿಲ್ಲ. ಮನೆಯ ಗೇಟಿನಿಂದ ರಸ್ತೆಗೆ ಬರುವಷ್ಟರಲ್ಲಿ ಏಳು ಸಲ ಆಫ್ ಮಾಡಿದೆ. ಪ್ರತಿ ಸಲವೂ ಗಾಡಿ ಬಿಕ್ಕಳಿಸಿ, ಒಮ್ಮೆ ನನಗೆ ಕತ್ತು ಅಲ್ಲಾಡಿಸಿ ಸುಮ್ಮನಾಗುತ್ತಿತ್ತು. ಎಂಟನೇ ಸಲ ರೋಷದಿಂದ ಆಕ್ಸಿಲರೇಟರ್ ಒತ್ತಿದೆ. ಇಂಜಿನ್ ವಿಮಾನದ ಹಾಗೆ ಕೂಗಿತು, ಗಾಡಿ ಎತ್ತಿನಗಾಡಿಯ ಹಾಗೆ ಹೊರಟಿತು, ಆಮೇಲೆ ಒಳಗೆಲ್ಲ ಏನೋ ಸುಟ್ಟ ವಾಸನೆ. ಪಕ್ಕದ ಮನೆಯವರ ಅಡುಗೆ ಸೀದಿದೆ ಅಂದುಕೊಂಡೆ. ಸುಟ್ಟದ್ದು ನಮ್ಮದೇ ಕ್ಲಚ್ ಪ್ಲೇಟು.

ಭಾವ ಲೆಕ್ಕದ ಮನುಷ್ಯ. ನನ್ನ ಪಾಡು ನೋಡಿ ಒಂದು ಚೀಟಿ ಬರೆದು ಮೀಟರಿನ ಪಕ್ಕ ಅಂಟಿಸಿದರು. 15 ಕಿಲೋಮೀಟರ್ ತನಕ ಫಸ್ಟ್, 30ರ ತನಕ ಸೆಕೆಂಡ್, 45ರ ತನಕ ಥರ್ಡ್, 60ರ ತನಕ ಫೋರ್ತ್, ಆಚೆಗೆ ಫಿಫ್ತ್. ಕೆಳಗೆ ಸಣ್ಣ ಅಕ್ಷರದಲ್ಲಿ, "ಪೆಟ್ರೋಲ್ ಗಾಡಿಗೆ 2000ದಿಂದ 2500 ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ತಿರುಗುವ ಸುತ್ತು) ಒಳಗೆ ಬದಲಿಸುವುದು. ಡೀಸೆಲ್ ಆದರೆ 1500ರಿಂದ 2000." ಈ ಅಂಕಿಗಳಲ್ಲಿ ತಪ್ಪೇನಿಲ್ಲ. ಗಾಡಿಯಿಂದ ಗಾಡಿಗೆ ಸ್ವಲ್ಪ ಆಚೀಚೆ ಆಗಬಹುದು, ಅಷ್ಟೇ. ತೊಂದರೆ ಇದ್ದದ್ದು ನನ್ನ ಕಣ್ಣಿನಲ್ಲಿ. ಒಂದು ಕಣ್ಣು ಚೀಟಿ ಮೇಲೆ, ಇನ್ನೊಂದು ಮೀಟರ್ ಮೇಲೆ. ರಸ್ತೆ ನೋಡಲು ಮೂರನೆಯದು ಬೇಕಿತ್ತು. "ಮೂವತ್ತೊಂದು! ಥರ್ಡ್!" ಅಂತ ಹೆಮ್ಮೆಯಿಂದ ಕೂಗಿದ ಅದೇ ಗಳಿಗೆಯಲ್ಲಿ ಗಾಡಿ ಹಂಪ್ ಮೇಲೆ ಹಾರಿತು. ಭಾವನ ತಲೆ ಚಾವಣಿಗೆ ಬಡಿಯಿತು. ಮರುದಿನ ಚೀಟಿ ಕಾಣಿಸಲಿಲ್ಲ.

ಚೀಟಿಗೆ ಏರು ರಸ್ತೆಯೂ ಗೊತ್ತಿರಲಿಲ್ಲ ಅನ್ನಿ. ಐದು ಜನ ಕೂತು ದಿಣ್ಣೆ ಹತ್ತುವಾಗ 45ಕ್ಕೆ ಫೋರ್ತ್ ಹಾಕಿದರೆ ಇಂಜಿನ್ ಕಟಕಟ ಹಲ್ಲು ಕಡಿಯುತ್ತದೆ. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಎಳೆಯುವುದಿಲ್ಲ. ಗೇರ್ ಇರುವ ಸೈಕಲ್ ತುಳಿದವರಿಗೆ ಇದು ಮೊಣಕಾಲಿಗೇ ಗೊತ್ತು. ಫಸ್ಟ್ ಗೇರ್‌ನಲ್ಲಿ ಇಂಜಿನ್ ಹೆಚ್ಚುಕಡಿಮೆ ಮೂರೂವರೆ ಸುತ್ತು ತಿರುಗಿದರೆ ಗೇರ್‌ಬಾಕ್ಸಿನಿಂದ ಹೊರಗೆ ಬರುವುದು ಒಂದು ಸುತ್ತು. ಬಲ ಜಾಸ್ತಿ, ಓಟ ಕಮ್ಮಿ. ಫೋರ್ತ್‌ಗೆ ಬಂದಾಗ ಸುಮಾರಾಗಿ ಒಂದಕ್ಕೊಂದು. ಫಿಫ್ತ್‌ನಲ್ಲಿ ಇಂಜಿನ್ ತನ್ನ ಒಂದು ಸುತ್ತು ಮುಗಿಸುವ ಮೊದಲೇ ಹೊರಗಿನದು ಮುಗಿದಿರುತ್ತದೆ. ಓಟ ಜಾಸ್ತಿ, ಬಲ ಇಲ್ಲ. ಇಷ್ಟನ್ನು ಯಾರಾದರೂ ಮೊದಲೇ ಹೇಳಿದ್ದರೆ ನನ್ನ ಅರ್ಧ ಪ್ರಶ್ನೆಗಳು ಹುಟ್ಟುತ್ತಲೇ ಇರಲಿಲ್ಲ.

ಕೊನೆಗೆ ನನ್ನನ್ನು ಕೈಹಿಡಿದವಳು ಹೆಂಡತಿ. ಹದಿನೆಂಟಕ್ಕೇ ಕಾರು ಕಲಿತವಳು. ಖಾಲಿ ಮೈದಾನಕ್ಕೆ ಕರೆದುಕೊಂಡು ಹೋಗಿ, "ಬಲಗಾಲು ಹಿಂದಕ್ಕೆ ತಗೊಳ್ಳಿ. ಆಕ್ಸಿಲರೇಟರ್ ಮುಟ್ಟಲೇಬೇಡಿ. ಫಸ್ಟ್ ಹಾಕಿ, ಕ್ಲಚ್ ಒಂದೇ ಬಿಡ್ತಾ ಬನ್ನಿ. ನಿಧಾನ. ಇನ್ನೂ ನಿಧಾನ" ಅಂದಳು. ಬಿಡುತ್ತಾ ಬಂದೆ. ಅರ್ಧ ದಾರಿಯಲ್ಲಿ ಇಂಜಿನ್ ದನಿ ಒಂದೆಳೆ ತಗ್ಗಿತು. ಬಾನೆಟ್ಟಿನ ಮೂತಿ ಒಂದು ಬೆರಳಷ್ಟು ಎದ್ದಿತು. ಅಂಗಾಲಿನಲ್ಲಿ ಸಣ್ಣಗೆ ಜುಮ್ಮೆಂದಿತು. "ಅಲ್ಲೇ ಹಿಡ್ಕೊಳ್ಳಿ!" ಹಿಡಿದೆ. ಗಾಡಿ ನಾನು ಏನೂ ಮಾಡದೆ ತಾನಾಗಿ ಉರುಳತೊಡಗಿತು. ಒಳಗೆ ಇಂಜಿನ್ ಜೊತೆ ಗರಗರ ತಿರುಗುವ ಫ್ಲೈವೀಲು ಅನ್ನುವ ಚಕ್ರ, ಸುಮ್ಮನೆ ನಿಂತ ಕ್ಲಚ್ ಪ್ಲೇಟು, ಎರಡೂ ಮೊದಲ ಸಲ ಮೈ ತಾಗಿಸಿಕೊಳ್ಳುವ ಜಾಗ ಅದು. ಇಪ್ಪತ್ತು ದಿನ ಗುರುಗಳ ಕಾಲು ಮಾತ್ರ ಕಂಡಿದ್ದ ಜಾಗ! ಆ ಮೈದಾನದಲ್ಲಿ ಅವತ್ತು ಐವತ್ತು ಸಲ ಹೊರಟೆ, ಐವತ್ತು ಸಲ ನಿಂತೆ. ಎಲ್ಲಿಗೂ ಹೋಗಲಿಲ್ಲ. ಅಷ್ಟು ಖುಷಿಯಾದ ಪ್ರಯಾಣ ಇನ್ನೊಂದಿಲ್ಲ.

"ಇನ್ನು ಮೀಟರ್ ನೋಡಬೇಡಿ, ಕಿವಿ ಕೊಡಿ" ಅನ್ನುವುದು ಅವಳ ಎರಡನೇ ಪಾಠ. ಗುಂಯ್ ಅನ್ನುತ್ತಿದ್ದ ಇಂಜಿನ್ ಕೀಂಯ್ ಅನ್ನತೊಡಗಿದರೆ ಮೇಲಿನ ಗೇರ್. ಗುಂಯ್ ಹೋಗಿ ಗುಡುಗುಡು ಬಂದರೆ ಕೆಳಗಿನ ಗೇರ್. ಇಷ್ಟೇ. ಫಸ್ಟ್ ಇರುವುದು ನಿಂತ ಗಾಡಿಯನ್ನು ಎಬ್ಬಿಸುವುದಕ್ಕೆ, ಅದರಲ್ಲೇ ಸಂಸಾರ ಹೂಡಬಾರದು. ಎರಡು ಮೂರು ಗಾಡಿ ಉದ್ದ ಹೋದ ಕೂಡಲೇ ಸೆಕೆಂಡ್. ಬಹಳ ಸುಲಭ ಅನ್ನಿಸಿತು. ಕಿಟಕಿ ಇಳಿಸಿ, ಕಿವಿ ಅರಳಿಸಿ ಹೆದ್ದಾರಿಗೆ ಬಂದೆ. ಇಂಜಿನ್ ಕೀಂಯ್ ಅಂದಿತು, ಥರ್ಡ್ ಹಾಕಿದೆ. ಮತ್ತೂ ಕೀಂಯ್, ಫೋರ್ತ್ ಹಾಕಿದೆ. ಆದರೂ ಕೀಂಯ್. ಫಿಫ್ತ್ ಹಾಕಿದ ಕೂಡಲೇ ನಮ್ಮ ಗಾಡಿ ಗಡಗಡ ನಡುಗಿ ಜೀವ ಬಿಡುವ ಹಾಗಾಯಿತು. "ಏನ್ರೀ ಮಾಡ್ತಿದ್ದೀರಿ?" ಅಂದಳು. ಅಷ್ಟೊತ್ತೂ ನಾನು ಕಿವಿಗೊಟ್ಟಿದ್ದದ್ದು ಪಕ್ಕದಲ್ಲಿ ಬರುತ್ತಿದ್ದ ಲಾರಿಗೆ.

ಲಾರಿ ಅಂದರೆ ಮಾವನವರ ಬಗ್ಗೆ ಹೇಳಲೇಬೇಕು. ಮೂವತ್ತು ವರ್ಷ ಲಾರಿ ಓಡಿಸಿದವರು. ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿರುತ್ತಾರೆ, ಆದರೆ ನಾನು ಗೇರ್ ಬದಲಿಸುವುದು ತಡವಾದರೆ ಅವರ ಎಡಗಾಲು ತಾನಾಗಿ ನೆಲ ಒತ್ತುತ್ತದೆ. ಅವರ ಕಾಲದ ಲಾರಿಯಲ್ಲಿ ಗೇರ್ ಬದಲಿಸಲು ಕ್ಲಚ್ ಎರಡು ಸಲ ಒತ್ತಬೇಕಿತ್ತು. ಒಮ್ಮೆ ಒತ್ತಿ ನ್ಯೂಟ್ರಲ್‌ಗೆ (ಯಾವ ಗೇರೂ ಇಲ್ಲದ ಸ್ಥಿತಿಗೆ), ಬಿಟ್ಟು, ಕೆಳಗಿನ ಗೇರ್ ಬೇಕಾದರೆ ಆಕ್ಸಿಲರೇಟರ್ ಕೊಟ್ಟು ವೇಗ ಹೊಂದಿಸಿ, ಮತ್ತೊಮ್ಮೆ ಒತ್ತಿ ಗೇರ್‌ಗೆ. ಹೊಂದಿಕೆ ತಪ್ಪಿದರೆ ಗರ್‌ರ್ ಅಂತ ಹಲ್ಲಿಗೆ ಹಲ್ಲು ತಿಕ್ಕಾಡಿ ರಸ್ತೆಯಲ್ಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರಂತೆ. ಈ ಹಲ್ಲುಚಕ್ರ ಸರಿಸಿ ಕೂಡಿಸುವ ಗೇರ್‌ಬಾಕ್ಸನ್ನು 1890ರ ದಶಕದಲ್ಲಿ ಕಾರಿಗೆ ತಂದವರಲ್ಲಿ ಫ್ರಾನ್ಸಿನ ಎಮಿಲ್ ಲೆವಾಸೋರ್ ಮೊದಲಿಗರು. "ಒರಟು, ಆದರೆ ನಡೆಯುತ್ತೆ" ಅಂದಿದ್ದರಂತೆ ಆತ, ತಾನೇ ಮಾಡಿದ್ದರ ಬಗ್ಗೆ. ನನ್ನ ಡ್ರೈವಿಂಗ್ ಬಗ್ಗೆ ಮಾವನವರ ಅಭಿಪ್ರಾಯದಲ್ಲಿ ಎರಡನೇ ಅರ್ಧ ಇಲ್ಲ.

1928ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಸಿಂಕ್ರೋಮೆಶ್ ಬಂತು. ಓಡುವ ಬಸ್ಸು ಹತ್ತುವವನು ಜೊತೆಗೆ ನಾಲ್ಕು ಹೆಜ್ಜೆ ಓಡಿ ಹತ್ತುತ್ತಾನಲ್ಲ, ಹಾಗೆ ಎರಡು ಚಕ್ರಗಳ ವೇಗ ಮೊದಲು ಒಂದಾಗುತ್ತದೆ, ಆಮೇಲೆ ಹಲ್ಲು ಕೂಡುತ್ತದೆ. ಅದಕ್ಕೇ ಇವತ್ತು ನಮ್ಮಂಥವರೂ ಸದ್ದಿಲ್ಲದೆ ಗೇರ್ ಹಾಕುವುದು. ರಿವರ್ಸ್‌ಗೆ ಮಾತ್ರ ಎಷ್ಟೋ ಗಾಡಿಗಳಲ್ಲಿ ಈ ಉಪಕಾರ ಇಲ್ಲ. ಗಾಡಿ ಪೂರ್ತಿ ನಿಲ್ಲುವ ಮೊದಲೇ ಹಾಕಲು ಹೋದರೆ ಗರ್‌ರ್ ಅನ್ನುತ್ತದೆ. ಇದನ್ನು ನಾನು ಓದಿ ತಿಳಿದದ್ದಲ್ಲ.

ಮಾವನವರಿಂದ ಒಂದು ಮಾತು ಮಾತ್ರ ಸರಿಯಾಗಿ ಕಲಿತೆ. ಒಮ್ಮೆ ಉದ್ದನೆಯ ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಿ ಅವರ ಮನ ಗೆಲ್ಲೋಣ ಅಂತ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿದೆ. ಹಿಂದಿನಿಂದ, ಕಣ್ಣು ಮುಚ್ಚಿಕೊಂಡೇ, "ಗೇರ್ ಹಾಕಪ್ಪ" ಅಂತ ದನಿ ಬಂತು. "ಪೆಟ್ರೋಲ್ ಉಳಿಯುತ್ತೆ ಮಾವ." "ನೀನು ಉಳಿದರೆ ತಾನೆ ಉಳಿದ ಪೆಟ್ರೋಲ್ ಸುಡೋದು?" ಎರಡೇ ತಿರುವಿನಲ್ಲಿ ಬ್ರೇಕು ಬಿಸಿಯಾಗಿ ವಾಸನೆ ಬಂತು. ಕ್ಲಚ್ಚಿನದು ಒಂದು ವಾಸನೆ, ಬ್ರೇಕಿನದು ಇನ್ನೊಂದು ವಾಸನೆ, ಈಗ ನನ್ನ ಮೂಗಿಗೆ ಎರಡೂ ಪರಿಚಯ. ಯಾವ ಗೇರ್‌ನಲ್ಲಿ ಹತ್ತುತ್ತೀಯೋ ಅದೇ ಗೇರ್‌ನಲ್ಲಿ ಇಳಿ, ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತೆ, ಅನ್ನುವುದು ಅವರ ಸೂತ್ರ. ಆಮೇಲೆ ತಿಳಿಯಿತು, ಪೆಟ್ರೋಲೂ ಹಾಗೇ ಉಳಿಯುವುದು. ಈಗಿನ ಗಾಡಿಗಳಲ್ಲಿ ಗೇರ್ ಹಾಕಿಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಜಿನ್ ಇಂಧನವನ್ನೇ ನಿಲ್ಲಿಸುತ್ತದೆ, ಚಕ್ರಗಳೇ ಅದನ್ನು ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಿ ಪಾಪ ಅದು ಬದುಕಿರಲು ತಾನೇ ಸ್ವಲ್ಪ ಸ್ವಲ್ಪ ಕುಡಿಯುತ್ತಿರಬೇಕು.

ಇಷ್ಟು ಜನ ಸಾಲದು ಅಂತ ಗಾಡಿಯೊಳಗೇ ಒಬ್ಬ ಸಲಹೆಗಾರ ಇದ್ದಾನೆ. ಮೀಟರಿನ ಮೂಲೆಯಲ್ಲಿ ಮೂಡುವ ಪುಟ್ಟ ಬಾಣ. ಮೇಲಕ್ಕೆ ತೋರಿಸಿದರೆ ಮೇಲಿನ ಗೇರ್ ಹಾಕು ಅಂತ. ಯುರೋಪಿನಲ್ಲಿ 2014ರಲ್ಲಿ ಎಲ್ಲ ಹೊಸ ಮ್ಯಾನ್ಯುಯಲ್ ಕಾರುಗಳಿಗೂ ಈ ಬಾಣ ಕಡ್ಡಾಯವಾಯಿತು. ಇಂಧನದ ಮಟ್ಟಿಗೆ ಅದು ಹೇಳುವುದು ಸರಿಯೇ. ಆದರೆ ಅದಕ್ಕೆ ಕಣ್ಣಿಲ್ಲವಲ್ಲ! ಮುಂದೆ ತಿರುವಿದೆ, ಎದುರಿಗೆ ಎಮ್ಮೆ ನಿಂತಿದೆ, ಬಾಣ ಮಾತ್ರ "ಮೇಲೆ, ಮೇಲೆ" ಅನ್ನುತ್ತಿರುತ್ತದೆ. ಅದರ ಮಾತು ಕೇಳಿ ಒಮ್ಮೆ ಗಡಿಬಿಡಿಯಲ್ಲಿ ಸೆಕೆಂಡ್‌ನಿಂದ ಥರ್ಡ್‌ಗೆ ತಳ್ಳಲು ಹೋಗಿ ಫಸ್ಟ್‌ಗೇ ತಳ್ಳಿದೆ. ಯಾರೋ ಮುಂದಿನಿಂದ ಎದೆಗೆ ಕೈ ಇಟ್ಟು ತಡೆದ ಹಾಗೆ ಗಾಡಿ ಮುಗ್ಗರಿಸಿತು. ಗೇರಿನ ಹಿಡಿಯನ್ನು ಮುಷ್ಟಿ ಬಿಗಿದು ಹಿಡಿದರೆ ಹೀಗೇ. ಅಂಗೈ ಬಿಡಿಸಿ, ನ್ಯೂಟ್ರಲ್‌ಗೆ ಬಂದಾಗ ಒಂದು ಗಳಿಗೆ ಬಿಟ್ಟುಬಿಟ್ಟರೆ ಒಳಗಿನ ಸ್ಪ್ರಿಂಗೇ ಅದನ್ನು ನಡುವೆ, ಥರ್ಡ್‌ನ ನೇರಕ್ಕೆ, ತಂದು ನಿಲ್ಲಿಸುತ್ತದೆ. ಆಮೇಲೆ ಸುಮ್ನೆ ಮುಂದಕ್ಕೆ ಒತ್ತಿದರೆ ಆಯಿತು.

ಹೀಗೆ ಎರಡು ವರ್ಷ ಕಳೆಯಿತು. ಕೀಂಯ್, ಗುಡುಗುಡು ಯಾವುದೂ ಈಗ ಕಿವಿಗೆ ಬೀಳುವುದಿಲ್ಲ. ಮಾತಾಡುತ್ತಾ, ಹಾಡು ಕೇಳುತ್ತಾ ಹೋಗುತ್ತಿರುವಾಗ ಯಾವಾಗಲೋ ಕೈ ಕಾಲು ತಾವೇ ಮಾತಾಡಿಕೊಂಡು ಗೇರ್ ಬದಲಿಸಿರುತ್ತವೆ. ಮಾವನವರು ಹಿಂದಿನ ಸೀಟಿನಲ್ಲಿ ನಿಜವಾಗಿಯೇ ನಿದ್ದೆ ಮಾಡುತ್ತಾರೆ.

ಮೊನ್ನೆ ಸಹೋದ್ಯೋಗಿಯ ಹೊಸ ಕಾರಿನಲ್ಲಿ ಮಾವನವರೂ ಸೇರಿ ನಾವು ನಾಲ್ಕು ಜನ ಹೊರಟೆವು. ಆಟೋಮ್ಯಾಟಿಕ್. "ನೀವೇ ಓಡಿಸಿ ಸಾರ್, ಏನೂ ಕಷ್ಟ ಇಲ್ಲ, ಗೇರೇ ಇಲ್ಲ" ಅಂತ ಸ್ಟೇರಿಂಗ್ ಕೊಟ್ಟರು. ಎರಡೇ ಪೆಡಲ್, ಎರಡೇ ಕಾಲು. ಕೊನೆಗೂ ಲೆಕ್ಕ ತಾಳೆಯಾಯಿತು ಅಂದುಕೊಂಡೆ. ಗಾಡಿ ಬೆಣ್ಣೆಯ ಹಾಗೆ ಹೊರಟಿತು. ನಲವತ್ತು ದಾಟಿತು. ಇಂಜಿನ್ ದನಿ ಒಂದೆಳೆ ಏರಿತು. ಯಾರೂ ಹೇಳಲಿಲ್ಲ, ಯಾರನ್ನೂ ಕೇಳಲಿಲ್ಲ, ನನ್ನ ಎಡಗಾಲಿಗೆ ಗೊತ್ತಾಯಿತು. ಪೂರ್ತಿ ನಂಬಿಕೆಯಿಂದ, ಕ್ಲಚ್ ಇರಬೇಕಾದ ಜಾಗದವರೆಗೂ ಚಾಚಿಕೊಂಡಿದ್ದ ಅಗಲವಾದ ಬ್ರೇಕ್ ಪೆಡಲನ್ನು ನೆಲಮುಟ್ಟ ತುಳಿಯಿತು.

ನಾಲ್ಕು ಬೆಲ್ಟುಗಳು ಒಟ್ಟಿಗೆ ಟಕ್ ಅಂತ ಬಿಗಿದವು. ಹಿಂದೆ ಯಾವ ಗಾಡಿಯೂ ಇರಲಿಲ್ಲ, ಪುಣ್ಯ. ಮಾವನವರ ಕನ್ನಡಕ ಹಿಂದಿನ ಸೀಟಿನಿಂದ ಹಾರಿ ಬಂದು ನನ್ನ ತೊಡೆಯ ಮೇಲೆ ಕೂತಿತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಸಹೋದ್ಯೋಗಿ ಬಹಳ ಮರ್ಯಾದೆಯಿಂದ, "ಸಾರ್, ಆ ಎಡಗಾಲು ಸ್ವಲ್ಪ ಹಿಂದಕ್ಕೆ ಮಡಚಿ ಇಟ್ಕೊಳ್ತೀರಾ?" ಅಂದರು. ಮಡಚಿ ಇಟ್ಟುಕೊಂಡೆ. ಊರು ತಲುಪುವ ತನಕವೂ, ದನಿ ಏರಿದಾಗಲೆಲ್ಲ, ಅದರ ಹೆಬ್ಬೆರಳು ಚಪ್ಪಲಿಯೊಳಗೇ ಒತ್ತುತ್ತಿತ್ತು.